ಕಾರ್ ಹಾರುಕಾಗ ಮಂಜ!

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿದವನಿಗೆ ಕಾರು ಕಟ್ಟುವುದು ಯಾವ ಮಹಾ ವಿದ್ಯೆ? ನಿವೃತ್ತನಾದ ಮರುದಿನವೇ ಕೋಟದ ನಮ್ಮ ಮನೆಯ ಕೊಟ್ಟಿಗೆಯಲ್ಲಿ, ಗುಜರಿ ಕಾರೊಂದರ ಮೇಲೆ ಹಳೇಕಾಲದ ಇಟಲಿಯ ಸ್ಪೋರ್ಟ್ಸ್ ಕಾರಿನ ಪ್ರತಿರೂಪ ಕಟ್ಟತೊಡಗಿದೆ. ಮೂರು ವರ್ಷಕ್ಕೆ ಕಾರು ಕೆಂಪಗೆ ಎದ್ದು ನಿಂತಿತು. ಒಂದೇ ಕೊರತೆ, ವೇಗ ಹೆಚ್ಚಿದರೆ ಹಿಂಭಾಗ ಅಲ್ಲಾಡುತ್ತಿತ್ತು.

“ಆ ಅಲ್ಲಾಡುದ್ ನಿಂತ್ರೆ ಮಾತ್ರ ನಾನ್ ಕೂಕಂತೆ,” ಎಂದಳು ಹೆಂಡತಿ ಸುಮತಿ.

ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಟ್ಟಿಯಂಗಡಿ ದೇವಸ್ಥಾನಕ್ಕೇ ಮೊದಲ ಸವಾರಿ ಎಂದು ಊರಿಗೆಲ್ಲ ಡಂಗುರ ಸಾರಿಯಾಗಿತ್ತು. ಮರ್ಯಾದೆಯ ಪ್ರಶ್ನೆ!

ಶಾಸ್ತ್ರೋಕ್ತ ಪರಿಹಾರವೆಂದರೆ ಸ್ಪಾಯ್ಲರ್. ಕಾರಿನ ಬೆನ್ನಿಗೆ ಕೂರಿಸುವ ಬಾಗಿದ ರೆಕ್ಕೆ. ಗಾಳಿ ಅದನ್ನು ಕೆಳಗೊತ್ತಿದರೆ ಹಿಂದಿನ ಚಕ್ರಗಳು ನೆಲ ಕಚ್ಚುತ್ತವೆ. ಗಂಗೊಳ್ಳಿಯಲ್ಲಿ ಫೈಬರ್ ದೋಣಿ ಮಾಡುವ ಮಂಜ ನನ್ನ ಹಳೆಯ ಶಿಷ್ಯ. ಅವನಿಗೆ ಅಳತೆ ಕೊಟ್ಟು ಬಂದೆ. ಎರಡು ದಿನ ಬಿಟ್ಟು ಫೋನ್ ಬಂತು.

“ಮಾಸ್ಟ್ರೆ, ಬಗ್ಸುದ್ ಯಾವ್ ಬದಿಗೆ?”

ಅವನ ಹಿಂದೆ ಗ್ರೈಂಡರ್ ಕಿರುಚುತ್ತಿತ್ತು. ನಾನು ವಿಜ್ಞಾನಿಯ ಗತ್ತಿನಲ್ಲಿ ಕೂಗಿದೆ: “ಬದಿ ನೀನೇ ಕಾಣ್. ಕಾರ್ ಹಾರುಕಾಗ, ಅಷ್ಟೇ!”

“ಆಯ್ತ್ ಮಾಸ್ಟ್ರೆ!”

ಬಂತು ನೋಡಿ ರೆಕ್ಕೆ! ಎಂಥ ನುಣುಪು, ಎಂಥ ಹೊಳಪು! ನನ್ನ ಮೂವತ್ತು ವರ್ಷದ ಭೌತಶಾಸ್ತ್ರ ಅದನ್ನು ಕಂಡು ಬಾಯಿ ಮುಚ್ಚಿಕೊಂಡಿತು. ಬೋಲ್ಟ್ ಬಿಗಿದು ಮರವಂತೆಯ ರಸ್ತೆಗೆ ಒಬ್ಬನೇ ಹೊರಟೆ. ವೇಗ ಹೆಚ್ಚಿಸಿದೆ. ಹಿಂಭಾಗ ಅಲ್ಲಾಡಲಿಲ್ಲ. ಎದ್ದಿತು! ಕಾರು ಗಿರ್ರನೆ ಸುತ್ತಿ, ರಸ್ತೆ ಬಿಟ್ಟು, ಕಡಲಿನ ಬದಿಯ ಮರಳಿನಲ್ಲಿ ಹೂತು ನಿಂತಿತು. ಆ ಮರಳಿಗೆ ಇವತ್ತಿಗೂ ಕೈಮುಗಿಯುತ್ತೇನೆ.

ಫೋನ್ ಮಾಡಿದ್ದೇ ತಡ, ಮಂಜ ದೋಣಿಯ ಹಗ್ಗ, ನಾಲ್ಕು ಜನರ ಸಮೇತ ಓಡಿ ಬಂದು ಎಳೆದು ಹಾಕಿದ.

“ಎಂತ ಮಾಡಿದೆ ಮಾರಾಯ? ಇದ್ ವಿಮಾನದ್ ರೆಕ್ಕೆ ಅಲ್ದಾ!”

“ನೀವೇ ಅಲ್ದಾ ಹೇಳದ್ದ್, ಹಾರುಕ್ ಆಯ್ಕ್ ಅಂದೇಳಿ! ಈ ಪ್ರಾಯದಗೆ ಮಾಸ್ಟ್ರಿಗೆ ಎಂತ ಮರ್ಲ್ ಅಂದೇಳಿ ಕಂಡಿತ್. ಆದ್ರೂ ಮಾಸ್ಟ್ರಿಗೆ ಎದ್ರ್ ಮಾತಾಡುಕಾತ್ತಾ?”

ನಾನು ‘ಹಾರುಕಾಗ’, ಅಂದರೆ ಹಾರಬಾರದು ಎಂದದ್ದು ಗ್ರೈಂಡರಿನ ಸದ್ದಿನಲ್ಲಿ ಅವನಿಗೆ ಹಾರುವಂತಾಗಬೇಕು ಎಂದು ಕೇಳಿಸಿತ್ತು! ಪಾಪ, ಗುರುವಾಕ್ಯ ಪರಿಪಾಲಿಸಿದ್ದ. ಅಲ್ಲೇ ರೆಕ್ಕೆ ಕಳಚಿ, ಮನೆಯವರೆಗೆ ಹಿಂದೆಯೇ ಬಂದು ಬಿಟ್ಟು ಹೋದ. ಅವನ ಉಪಕಾರ ದೊಡ್ಡದು.

“ಇನ್ ಹೋಪುದೇ ಬ್ಯಾಡ,” ಎಂದು ಜಗಲಿಯಲ್ಲಿ ಕುಸಿದೆ. ಸುಮತಿ ನಗಲಿಲ್ಲ. ಅಷ್ಟಕ್ಕೇ ಏಳು ಜನ್ಮ ಋಣಿ! ತನ್ನ ಅಣ್ಣನನ್ನು ಕರೆದು, ಅವನು ಭತ್ತದ ಹುಲ್ಲಿನಲ್ಲಿ ದುಂಡಗೆ ಕಟ್ಟಿದ್ದ ಅಕ್ಕಿ ಮುಡಿಯೊಂದನ್ನು ಹೊರಿಸಿ ತಂದು, ರೆಕ್ಕೆಯ ಜಾಗದಲ್ಲಿ ಬಿಗಿಸಿದಳು.

“ಹಿಂದ್ ಹಗುರ ಆದ್ರೆ ಅಲ್ಲಾಡ್ದೇ ಎಂತ ಮಾಡತ್ತ್? ಹೊರ್ಡಿ, ಹೋಪ,” ಎಂದು ಬಂದು ಕೂತೇಬಿಟ್ಟಳು! ದಾರಿಯುದ್ದಕ್ಕೂ ಕಾರು ಒಂಚೂರೂ ಅಲ್ಲಾಡಲಿಲ್ಲ. ನನಗೆ ಕಣ್ಣು ತುಂಬಿ ಬಂತು.

ಹಟ್ಟಿಯಂಗಡಿಯಲ್ಲಿ ಜನ ಕಾರನ್ನು ಮುತ್ತಿಕೊಂಡರು. ವಿವರಿಸಲು ಎದೆ ಸೆಟೆಸಿ ನಿಂತೆ. ಅಜ್ಜರೊಬ್ಬರು ಹುಲ್ಲಿನ ಮೇಲೆ ಕೈಯಾಡಿಸಿದರು.

“ಎಷ್ಟ್ ಚಂದ ಮುಡಿ ಕಟ್ಟಿರ್ ಮಾರಾಯ್ರೆ! ಈ ಗಾಡಿ ಮುಡಿ ಹೊರುಕೇ ಮಾಡದ್ದಾ?”

ಸುಮತಿಯ ಮುಖ ನೋಡಿದೆ.

“ಹೌದು, ಅದ್ಕೇ ಮಾಡದ್ದ್,” ಎಂದೆ.