ಎಲೆ ಮಡಚದ ಅತಿಥಿಗಳು

ನಮ್ಮಪ್ಪ ಈಗ ನಡೆಸುತ್ತಿರುವ ಊಟದ ಹೋಟೆಲಿನಲ್ಲಿ ದಿನಕ್ಕೆ ಐದು ಪಂಕ್ತಿ ಏಳುತ್ತದೆ. ಪ್ರತಿ ಪಂಕ್ತಿಗೂ ನೂರಕ್ಕೆ ಕಡಿಮೆಯಿಲ್ಲದ ಅತಿಥಿಗಳು. ಇಷ್ಟು ಜನ ಸೇರುವ ಹೋಟೆಲು ಚೆನ್ನೈಯಲ್ಲಿ ಎಷ್ಟಿದ್ದೀತು, ನೀವೇ ಹೇಳಿ! ಆದರೆ ಉಂಡವರಲ್ಲಿ ಒಬ್ಬರಾದರೂ ಇಂದಿನವರೆಗೆ ‘ಚೆನ್ನಾಗಿತ್ತು’ ಅಂದದ್ದಿಲ್ಲ. ಅನ್ನುವಷ್ಟು ಬಾಯಿ ಅವರಿಗಿನ್ನೂ ಮೂಡಿಲ್ಲ. ಅವರೆಲ್ಲ ಫೈಟರ್ ಮೀನಿನ ಮರಿಗಳು, ಮೊಟ್ಟೆಯೊಡೆದು ಇನ್ನೂ ಹತ್ತು ದಿನವೂ ಆಗಿಲ್ಲ. ಹೋಟೆಲು ಇರುವುದು ಕೀಲ್ಪಾಕ್‌ನ ನಮ್ಮ ಮನೆಯ ಹಿಂದಿನ ಬಾಲ್ಕನಿಯಲ್ಲಿ, ಒಂದು ನೀಲಿ ಪ್ಲಾಸ್ಟಿಕ್ ಟಬ್ಬಿನಲ್ಲಿ.

ಅಪ್ಪ ಉಡುಪಿಯ ಕಡೆಯವರು. ಹದಿನೈದನೆಯ ವಯಸ್ಸಿಗೆ ಮದರಾಸಿಗೆ ಬಂದು, ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಲೋಟ ತೊಳೆದು, ಸಪ್ಲೈಯರ್ ಆಗಿ, ಊಟದ ಹಾಲ್‌ನಲ್ಲೇ ಆಯುಷ್ಯ ಸವೆಸಿದವರು. ನಿವೃತ್ತರಾದ ಮೇಲೆ ಮಂಡಿನೋವು ಶುರುವಾಯಿತು. “ಸುಮ್ಮನೆ ಕೂತು ನೋಡುವಂಥ ಹವ್ಯಾಸ ಏನಾದರೂ ಇಟ್ಟುಕೊಳ್ಳಿ” ಎಂದರು ಡಾಕ್ಟರು. ಅಪ್ಪ ನೇರ ಕೊಳತ್ತೂರಿನ ಮೀನಂಗಡಿಗೆ ಹೋಗಿ ಒಂದು ಜೋಡಿ ತಂದರು. ಅಂದಿನಿಂದ ಅವರು ಸುಮ್ಮನೆ ಕೂತದ್ದನ್ನು ನಾವು ಯಾರೂ ನೋಡಿಲ್ಲ.

ಗಂಡು ಮೀನು ನೀರಿನ ಮೇಲೆ ಗುಳ್ಳೆ ಬಿಟ್ಟು ಬಿಟ್ಟು ನೊರೆಯ ಗೂಡು ಕಟ್ಟಿತು. ಅಪ್ಪ ಕನ್ನಡಕ ಏರಿಸಿ ಪರೀಕ್ಷಿಸಿ, “ನೊರೆ ಗಟ್ಟಿ ಉಂಟು, ಹಾಲಿಗೆ ನೀರು ಬೆರೆಸಿಲ್ಲ” ಎಂದು ಕಾಫಿಗೆ ಕೊಡುವ ಸರ್ಟಿಫಿಕೇಟನ್ನೇ ಅದಕ್ಕೂ ಕೊಟ್ಟರು. ಮೊಟ್ಟೆಯಿಟ್ಟ ಹೆಣ್ಣನ್ನು ಗಂಡೇ ಅಟ್ಟಿಸಿಕೊಂಡು ಹೋಗಿ ಕಚ್ಚುತ್ತದೆಯಂತೆ. ಹಾಗಾಗಿ ಅವಳಿಗೆ ಬೇರೆ ಬಾಟಲಿ. ಆಮೇಲೆ ಮೊಟ್ಟೆ ಕಾಯುವುದು, ಗೂಡಿನಿಂದ ಜಾರಿದ ಮರಿಯನ್ನು ಬಾಯಲ್ಲಿ ಎತ್ತಿ ತಂದು ಮತ್ತೆ ಗೂಡಿಗಂಟಿಸುವುದು, ಎಲ್ಲ ಗಂಡಿನ ಕೆಲಸವೇ.

“ಕಂಡೆಯಾ ಮಾರಾಯ್ತಿ? ಇವರಲ್ಲಿ ಬಾಣಂತನ ಮಾಡುದು ಅಪ್ಪ!” ಎಂದು ಅಪ್ಪ ಅಮ್ಮನನ್ನು ಕೂಗಿದರು.

“ನಮ್ಮಲ್ಲಿ ಯಾರು ಮಾಡಿದ್ದು ಅಂತ ನಂಗೆ ಗೊತ್ತುಂಟು” ಎಂದಳು ಅಮ್ಮ, ತೆಂಗಿನಕಾಯಿ ತುರಿಯುತ್ತಲೇ.

ಮರಿಗಳೇನೋ ಆದವು. ಅವುಗಳಿಗೆ ಊಟ? ಬೇಯಿಸಿದ ಕೋಳಿಮೊಟ್ಟೆಯ ಹಳದಿ, ಅದೂ ಬಟ್ಟೆಯಲ್ಲಿ ಸೋಸಿ, ಸೂಜಿಮೊನೆಯಷ್ಟು ಕೊಡಬೇಕು ಎಂದಿದ್ದ ಅಂಗಡಿಯವನು. ಈರುಳ್ಳಿಯನ್ನೇ ವಾರದಲ್ಲಿ ಎರಡು ದಿನ ಹೊರಗಿಡುವ ಮನೆ ನಮ್ಮದು! ಅಪ್ಪ ಪಕ್ಕದ ಮನೆಯ ಸೆಲ್ವಿಯಕ್ಕನ ಬಾಗಿಲಿಗೆ ಹೋಗಿ, ಆಚೆ ಈಚೆ ನೋಡಿ, ತಗ್ಗಿದ ದನಿಯಲ್ಲಿ ಒಂದು ಮೊಟ್ಟೆ ಕೇಳಿದರು. ಆಕೆ ಗಲ್ಲಕ್ಕೆ ಕೈಯಿಟ್ಟುಕೊಂಡಳು.

“ಎನ್ನ ಸಾಮಿ, ಮುಟ್ಟೈಯಾ? ನೀಂಗಳಾ?”

“ಎನಕ್ಕಿಲ್ಲೈ ಅಮ್ಮಾ, ಪಿಳ್ಳೈಂಗಳುಕ್ಕು” ಎಂದರು ಅಪ್ಪ. ನನಗಲ್ಲ ತಾಯೀ, ಮಕ್ಕಳಿಗೆ! ಆ ಸಂಜೆಯೊಳಗೆ ಇಡೀ ಬೀದಿಗೆ ನಮ್ಮ ಮನೆಯಲ್ಲಿ ಯಾವ ಮಕ್ಕಳು ಮೊಟ್ಟೆ ತಿನ್ನುತ್ತವೆ ಎಂಬ ಚಿಂತೆ ಹತ್ತಿತು. ಅಮ್ಮ ಎರಡು ದಿನ ಅಪ್ಪನ ಜೊತೆ ಗೋಡೆಯ ಮೂಲಕ ಮಾತಾಡಿದಳು. “ಗೋಡೆಯೇ, ಊಟಕ್ಕೆ ಹಾಕಿದ್ದೇನೆ ಅಂತ ಹೇಳು” ಎನ್ನುತ್ತಿದ್ದಳು.

ಇಷ್ಟೆಲ್ಲ ಆಗಿಯೂ ಆ ಮೊದಲ ಸಲದ ಮರಿಗಳಲ್ಲಿ ಒಂದೂ ಉಳಿಯಲಿಲ್ಲ. ಏಕೆ ಅಂತೀರಾ? ಊಟದ ಹಾಲ್‌ನಲ್ಲಿ ಬಡಿಸಿದವರ ಶಾಸ್ತ್ರವೇ ಬೇರೆ. ಗಿರಾಕಿ ಬಾಯಲ್ಲಿ ‘ಬೇಡ’ ಎಂದರೆ ಅದು ಸಂಕೋಚ. ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲಿ ಇನ್ನೊಂದು ಸೌಟು ಹಿಡಿಸುತ್ತದೆ ಎಂದರ್ಥ. ಎಲೆ ಮಡಚಿ ಎದ್ದರೆ ಮಾತ್ರ ಅವನ ಹೊಟ್ಟೆ ತುಂಬಿದೆ. ಪಾಪ, ಮೀನಿನ ಮರಿ ಯಾವ ಎಲೆಯನ್ನು ಮಡಚೀತು? ಅಪ್ಪ ಬಡಿಸಿಯೇ ಬಡಿಸಿದರು. “ಆ ಮೂಲೆಯಲ್ಲಿದ್ದವನಿಗೆ ಬಂದಿಲ್ಲ, ಈ ಸಾಲಿಗೆ ಎರಡನೇ ಸಲ ಹೋಗಿಲ್ಲ” ಎಂದು ಹಳದಿ ಕಲಸಿದ ನೀರನ್ನು ಹನಿಸುತ್ತಲೇ ಇದ್ದರು. ತಿಂದು ಮಿಕ್ಕದ್ದು ತಳದಲ್ಲಿ ಕೊಳೆಯಿತು, ನೀರು ನಾರಿತು. ಮೂರನೆಯ ಬೆಳಿಗ್ಗೆ ಟಬ್ಬಿನಲ್ಲಿ ಅಲ್ಲಾಡುವುದು ಏನೂ ಇರಲಿಲ್ಲ. ಹಸಿವಿನಿಂದ ಸತ್ತದ್ದಲ್ಲ, ಉಪಚಾರ ಹೆಚ್ಚಾಗಿ ಸತ್ತದ್ದು!

ನಾನು ಇದನ್ನೇ ಹೇಳಿ ನಕ್ಕುಬಿಟ್ಟೆ. ಅಪ್ಪ ನಗಲಿಲ್ಲ. “ಇಷ್ಟು ವರ್ಷ ಬಡಿಸಿದ ಕೈ ಇದು” ಎಂದು ಅಂಗೈ ತಿರುಗಿಸಿ ನೋಡಿಕೊಂಡರು. ಆ ದಿನ ಅವರು ಊಟ ಮಾಡಲಿಲ್ಲ. ನಕ್ಕದ್ದಕ್ಕೆ ನನಗೆ ನಾಚಿಕೆಯಾಯಿತು.

ಎರಡು ತಿಂಗಳಲ್ಲಿ ಅದೇ ಜೋಡಿ ಮತ್ತೆ ಗೂಡು ಕಟ್ಟಿತು. ಈ ಸಲ ಒಂದು ಹತ್ತಾದರೂ ಬದುಕಬೇಕು ಎಂಬುದು ಅಪ್ಪನಿಗೆ ಹಟವಾಯಿತು. ಎಲೆಕೋಸಿನ ಎಲೆ ನೀರಿನಲ್ಲಿ ಕೊಳೆತರೆ ಕಣ್ಣಿಗೆ ಕಾಣದಂಥ ಜೀವಗಳು ಹುಟ್ಟುತ್ತವೆ, ಎಳೆ ಮರಿಗೆ ಅದೇ ಮೊದಲ ಅನ್ನ ಎಂದು ಯಾರೋ ಹೇಳಿದರು. ಬೀದಿಯ ತುದಿಯಲ್ಲೇ ತರಕಾರಿ ಸಿಕ್ಕುತ್ತದೆ. ಇವರು ಮಾತ್ರ ಬಸ್ಸು ಹಿಡಿದು ಕೋಯಂಬೇಡಿನ ದೊಡ್ಡ ಮಾರುಕಟ್ಟೆಗೆ ಹೋದರು. “ಹೊರಗಿನ ಎಲೆ ಅಲ್ಲಿ ತಾಜಾ ಉಂಟು” ಎಂಬುದು ಕಾರಣ. ಕೊಳೆಸುವುದಕ್ಕೆ ತಾಜಾ ಎಲೆ! ಕೊತ್ತಂಬರಿಯ ಒಂದು ಹಳದಿ ಎಸಳು ಕಂಡರೆ ಅಡುಗೆಮನೆಯನ್ನೇ ಎತ್ತಿ ಹಾಕುತ್ತಿದ್ದ ಮನುಷ್ಯ ಈಗ ದಿನಾ ಬೆಳಿಗ್ಗೆ ಡಬ್ಬಿಯ ಮುಚ್ಚಳ ತೆಗೆದು ಮೂಸಿ, “ಇನ್ನೊಂದು ದಿನ ನಾರಬೇಕು” ಎನ್ನುವುದನ್ನು ಕೇಳುವ ಭಾಗ್ಯ ನಮ್ಮದಾಯಿತು.

ಬಡಿಸುವ ಕೈಯೂ ಬದಲಾಯಿತು. ಈ ಬಾರಿ ಹಲ್ಲುಕಡ್ಡಿಯ ತುದಿ ಅದ್ದಿ ಒಂದೇ ಹನಿ. ಆಮೇಲೆ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂರುವುದು, ಅದು ತಾನಾಗಿ ಇನ್ನೊಂದು ಹನಿ ಹಾಕಿಬಿಡದಂತೆ. ಮೂರು ದಿನ ದಾಟಿತು. ಗೂಡಿಗೆ ಬಾಲ ಕೆಳಗಾಗಿ ನೇತಾಡುತ್ತಿದ್ದ ಮರಿಗಳು ಅಡ್ಡವಾಗಿ ಈಜತೊಡಗಿದವು. ಇನ್ನು ಅಪ್ಪಮೀನನ್ನು ಹೊರಗೆ ಹಾಕಬೇಕು, ಇಲ್ಲದಿದ್ದರೆ ಅದೇ ತಿಂದರೂ ತಿಂದೀತು. ಅಪ್ಪ ಅದನ್ನು ಬಾಟಲಿಗೆ ಬಿಟ್ಟರು.

ಸರಿಯಾಗಿ ಆಗಲೇ ಸೋದರಮಾವನ ಮಗನ ಮದುವೆ ಬಂತು. ಊರಿನಲ್ಲಿ. ಮೂರೂ ಜನಕ್ಕೆ ರೈಲಿನ ಟಿಕೇಟಾಗಿತ್ತು. ಹೊರಡುವ ದಿನ ಬೆಳಿಗ್ಗೆ ಅಪ್ಪ, “ನಾನು ಬರುದಿಲ್ಲ” ಎಂದರು.

ಅಮ್ಮ ಗೋಡೆಯನ್ನು ಬಿಟ್ಟು ನೇರ ಅವರತ್ತ ತಿರುಗಿದಳು. “ನನ್ನ ಅಣ್ಣನ ಮನೆಯ ಮದುವೆ. ಅಳಿಯ ಎಲ್ಲಿ ಅಂತ ಕೇಳಿದ್ರೆ ಎಂತ ಹೇಳ್ಲಿ? ಎಲೆಕೋಸು ಕೊಳೆಸ್ತಾ ಕೂತಿದ್ದಾರೆ ಅಂತಲಾ?”

ನಾನೂ ದನಿಗೂಡಿಸಿದೆ. “ಅಪ್ಪಾ, ಮೂರು ದಿನ ಸೆಲ್ವಿಯಕ್ಕ ನೋಡಿಕೊಳ್ತಾರೆ. ಮೀನಿನ ಮರಿಗೋಸ್ಕರ ಮದುವೆ ತಪ್ಪಿಸುವುದು ಅತಿಯಾಯ್ತು.”

ಅಪ್ಪ ಟಬ್ಬಿನಿಂದ ಕಣ್ಣು ತೆಗೆಯಲಿಲ್ಲ.

“ನೀನು ಹುಟ್ಟಿದ್ದಕ್ಕೆ ಹೋಟೆಲಿಗೆ ಕಾಗದ ಬಂತು” ಎಂದರು. “ನಾನು ಪಂಕ್ತಿಗೆ ಸಾಂಬಾರು ಬಡಿಸ್ತಾ ಇದ್ದೆ. ರಜೆ ಕೇಳಿದೆ, ಹಬ್ಬ ಮುಗೀಲಿ ಅಂದ್ರು. ಒಂದು ಹಬ್ಬ ಮುಗಿದ್ರೆ ಇನ್ನೊಂದು ಉಂಟಲ್ಲ? ನೀನು ಮಗುಚಿದ್ದು ಕಾಗದದಲ್ಲಿ ಓದಿದೆ. ಹಲ್ಲು ಬಂದದ್ದು ಕಾಗದದಲ್ಲಿ. ನಾನು ಬರುವಾಗ ನೀನು ಅಂಗಳದಲ್ಲಿ ಓಡ್ತಾ ಇದ್ದೆ. ನನ್ನ ಕಂಡು ಯಾರೋ ಅಂತ ಹೆದರಿ ಅಮ್ಮನ ಸೆರಗು ಹಿಡಿದುಕೊಂಡೆ.” ಹಲ್ಲುಕಡ್ಡಿ ಒರೆಸಿ ಬದಿಗಿಟ್ಟು ಹೇಳಿದರು, “ಸಣ್ಣದು ದೊಡ್ಡದಾಗುದು ಹೇಗೆ ಅಂತ ನಂಗೆ ಗೊತ್ತೇ ಇಲ್ಲ ಮಗಾ. ಒಂದು ಸಲ ಕಣ್ಣಾರೆ ನೋಡ್ತೇನೆ.”

ಆ ಅಂಗಳ ನನಗೆ ನೆನಪಿಲ್ಲ, ಹೆದರಿದ್ದೂ ನೆನಪಿಲ್ಲ. ಅವರು ಮಾತ್ರ ನಲವತ್ತು ವರ್ಷ ಅದನ್ನು ಇಟ್ಟುಕೊಂಡಿದ್ದರು. ನನಗೆ ಅಳು ಬಂತು.

ಆ ಕಾಗದಗಳನ್ನೆಲ್ಲ ಬರೆದವಳು ಅಮ್ಮ. ಅವಳು ಪೆಟ್ಟಿಗೆಯಿಂದ ಅಪ್ಪನ ರೇಷ್ಮೆ ಪಂಚೆ ಶಲ್ಯಗಳನ್ನು ತೆಗೆದು ಮತ್ತೆ ಕಪಾಟಿನಲ್ಲಿಟ್ಟಳು. ಆಮೇಲೆ ಅಟ್ಟದಿಂದ ಒಂದು ಹಳೆಯ ಅಲ್ಯೂಮಿನಿಯಂ ಪಾತ್ರೆ ಇಳಿಸಿ, ಬಾಲ್ಕನಿಯ ಕಟ್ಟೆಯ ಮೇಲೆ ಕುಕ್ಕಿದಳು. “ಮೊಟ್ಟೆ ಇದರಲ್ಲಿ ಬೇಯಿಸಿ. ಊರ ಬಾಗಿಲಿಗೆಲ್ಲ ಹೋಗ್ಬೇಡಿ. ಒಳಗೆ ಮಾತ್ರ ತಂದ್ರೆ ನೋಡಿ!”

ಮದುವೆಮನೆಗೆ ನಾವಿಬ್ಬರೇ ಹೋದೆವು. ಧಾರೆಯ ದಿನ ಬೆಳಿಗ್ಗೆ ಅಮ್ಮನ ಫೋನಿಗೆ ಅಪ್ಪನ ಸಂದೇಶ ಬಂತು. ಕಂಬದ ಮರೆಗೆ ಹೋಗಿ, ಕನ್ನಡಕ ಹಾಕಿಕೊಂಡು, ತುಟಿಯಲ್ಲೇ ಓದಿದಳು: “ಹೊಟ್ಟೆ ಹಳದಿ ಬಣ್ಣಕ್ಕೆ ತಿರುಗಿದೆ. ತಿಂದದ್ದು ಹೊರಗಿನಿಂದಲೇ ಕಾಣ್ತದೆ. ಎಲ್ಲರೂ ಹುಷಾರಾಗಿದ್ದಾರೆ.” ಎರಡನೆಯ ಸಲವೂ ಓದಿದಳು.

ಅಷ್ಟರಲ್ಲಿ ದೊಡ್ಡತ್ತೆ ಹುಡುಕಿಕೊಂಡು ಬಂದರು. “ಹೌದಾ, ನಿನ್ನ ಗಂಡ ಎಲ್ಲಿ? ಬರ್ಲಿಲ್ವಾ?”

ಅಮ್ಮ ಫೋನನ್ನು ಸೆರಗಿನಲ್ಲಿ ಒರೆಸಿ ಕೈಚೀಲಕ್ಕೆ ಹಾಕಿಕೊಂಡಳು.

“ಮನೆಯಲ್ಲಿ ಸಣ್ಣ ಮಕ್ಕಳುಂಟಲ್ಲ ಅತ್ತಿಗೆ” ಎಂದಳು. “ಬಿಟ್ಟು ಬರ್ಲಿಕ್ಕೆ ಅವ್ರಿಗೆ ಮನಸ್ಸಾಗುದಿಲ್ಲ.”