ಗುಳ್ಳಿ ಗ್ವಾಡಿ

ನಮ್ಮ ಮನೆಯಲ್ಲಿ ಯಾವ ಕೆಲಸವೂ ಸುಮ್ಮನೆ ಆಗಿಹೋಗುವುದಿಲ್ಲ. ಒಂದು ಮೊಳೆ ಹೊಡೆಯಲು ಹೋದರೂ ಓಣಿಯವರು ಸೇರಿ, ಮಾತಿಗೆ ಮಾತು ಬೆಳೆದು, ಕೊನೆಗೆ ಯಾರಾದರೊಬ್ಬರು ಹೊಟ್ಟೆ ಹಿಡಿದುಕೊಂಡು ನಗುತ್ತಲೇ ಎದ್ದು ಹೋಗುತ್ತಾರೆ. ಅಂಥದ್ದರಲ್ಲಿ ನಾನು ಮೀನಿನ ಪೆಟ್ಟಿಗೆಯೊಳಗೆ ಗಾಳಿಗುಳ್ಳೆಯ ಗೋಡೆ ಎಬ್ಬಿಸುತ್ತೇನೆಂದು ಸೆರಗು ಸಿಗಿಸಿ ನಿಂತ ಮೇಲೆ ಕೇಳಬೇಕೇ?

ರಾಣೆಬೆನ್ನೂರಿನಲ್ಲಿ, ಮನೆಯ ಮುಂದಿನ ಖೋಲಿಯಲ್ಲೇ ನನ್ನದು ಹೊಲಿಗೆ ಕೆಲಸ. ಯಜಮಾನರು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಒಂದು ದಲಾಲಿ ಅಂಗಡಿಗೆ ಕೆಲಸಕ್ಕೆ ಹೋಗುತ್ತಾರೆ. ಜೊತೆಗೆ ನಮ್ಮ ಅತ್ತೆ, ತವರು ಹೊಳೆದಂಡೆಯ ಮೇಡ್ಲೇರಿ. ಮೀನಿನ ಪೆಟ್ಟಿಗೆ ನಾವು ಕೊಂಡದ್ದಲ್ಲ. ಬಾಜೂ ಮನೆಯ ಬಾಡಿಗೆಯವರು ಊರು ಬಿಡುವಾಗ, "ಇವನ್ನ ಲಾರ್‍ಯಾಗ ಹ್ಯಾಂಗ ಒಯ್ಯೂದ್ರಿ, ನೀವ ಇಟಗೋರಿ" ಎಂದು ಕೆಂಪು ಮೀನುಗಳ ಸಮೇತ ಕೊಟ್ಟು ಹೋದದ್ದು.

೧. ಮುನಸಿಪಾಲ್ಟಿಯ ಭಯ

ಹಾವೇರಿಯಲ್ಲಿ ನನ್ನ ನೆಗೆಣ್ಣಿ, ಅಂದರೆ ಭಾವನವರ ಹೆಂಡತಿ, ಊಟಕ್ಕೆ ಕರೆದಿದ್ದರು. ಅವರ ಪಡಸಾಲೆಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟೆ. ಮಂಚದುದ್ದದ ಗಾಜಿನ ಪೆಟ್ಟಿಗೆ. ಅದರ ಹಿಂಬದಿಯ ತಳದಿಂದ, ಈ ತುದಿಯಿಂದ ಆ ತುದಿಯವರೆಗೆ, ಸಾಸಿವೆ ಕಾಳಿನಂಥ ಗುಳ್ಳೆಗಳು ಒತ್ತೊತ್ತಾಗಿ ಏಳುತ್ತಿದ್ದವು. ನೀರಿನೊಳಗೆ ಗಾಳಿಯದೇ ಒಂದು ಗೋಡೆ. ಮೀನುಗಳು ಅದರೊಳಗೆ ಹೊಕ್ಕು ಈಚೆ ಬಂದು ಆಟವಾಡುತ್ತಿದ್ದವು.

"ಇದನ್ನ ಹ್ಯಾಂಗ ಮಾಡೀರಿ ಅಕ್ಕಾರ?" ಎಂದೆ.

"ಹುಬ್ಬಳ್ಳಿಯಿಂದ ಮಂದಿ ಬಂದು ಹಚ್ಚಿ ಹೋಗ್ಯಾರವಾ. ನಮ್ಮ ನಿಮ್ಮಂಥವರ ಕೈಲೆ ಆಗೂದಲ್ಲ ಬಿಡು" ಎಂದರು.

ಬಾಯಲ್ಲಿ 'ನಮ್ಮ ನಿಮ್ಮಂಥವರ' ಎಂದಿದ್ದರೂ ಕಣ್ಣು ಮಾತ್ರ ನನ್ನ ಮೇಲೆಯೇ ಇತ್ತು.

ತಿರುಗಿ ಬರುವಾಗ ಬಸ್ಸಿನಲ್ಲಿ ಯಜಮಾನರಿಗೆ ಹೇಳಿಯೇಬಿಟ್ಟೆ: "ನಾನೂ ಒಂದು ಗ್ವಾಡಿ ಕಟ್ಟಾಕಿನ. ಯಾರು ಏನರ ಅನ್ಲಿ."

ಮೋಟೆಬೆನ್ನೂರು ದಾಟಿದರೂ ಅವರ ಮೋರೆ ಕಿಟಕಿಯ ಹೊರಗೇ. ರಾಣೆಬೆನ್ನೂರು ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ದೊಡ್ಡದೊಂದು ಉಸಿರು ಬಿಟ್ಟು ಅಂದರು:

"ನೋಡು, ಇಟ್ಟಂಗಿ, ಸಿಮೆಂಟು ಹ್ಯಾಂಗರ ಹೊಂದಸೂಣು. ಆದರ ಬಾಜೂ ಮನಿಯವರು ತಕರಾರ ತಗದರಂದ್ರ, ಮುನಸಿಪಾಲ್ಟಿಗೆ ಅಡ್ಡಾಡಾಕ ನನ್ನ ಕೈಲೆ ಆಗೂದಿಲ್ಲ."

೨. ದಪ್ಪ ಪೈಪಿಂಗು

ಪಡಸಾಲೆಯಲ್ಲಿಟ್ಟ ನಮ್ಮ ಪೆಟ್ಟಿಗೆಯಲ್ಲಿದ್ದದ್ದು ಮೂಲೆಯಲ್ಲೊಂದು ಸಣ್ಣ ಗಾಳಿಕಲ್ಲು, ಗಾಳಿಯನ್ನು ಗುಳ್ಳೆಯಾಗಿ ಬಿಡುವಂಥದ್ದು. ಪಂಪಿನಿಂದ ಗಾಳಿ ಬಂದರೆ ಅದು ಗುಡುಗುಡಿ ಸೇದುವ ಮುದುಕನಂತೆ ಬುಳುಬುಳು ಎನ್ನುತ್ತಿತ್ತು. ಮೀನುಗಳು ಮೇಲೆ ಬಂದು ನೀರಿನ ಅಂಚಿಗೆ ಬಾಯಿ ಹಚ್ಚಿ ಪಕಪಕ ಅನ್ನುತ್ತಿದ್ದವು. ಮೀನಿನ ಅಂಗಡಿಯವನನ್ನು ಕೇಳಿದರೆ, "ಗಾಳಿ ಸಾಲವಲ್ದು ಅಕ್ಕಾರ, ಹಿಂಗ ಬಿಟ್ಟರ ಉಳಿಯೂದಿಲ್ಲ" ಎಂದ. ಇಷ್ಟು ಹೊತ್ತು ಬರೀ ನೆಗೆಣ್ಣಿಯ ಮೇಲಿನ ಹಟವಾಗಿದ್ದದ್ದು ಈಗ ಜೀವದ ಮಾತಾಯಿತು.

"ಉದ್ದಂದು ಗಾಳಿಕಲ್ಲು ಕೊಡಪಾ."

"ನಿಮ್ಮ ಅಳತೀದು ತರಸಬೇಕ್ರಿ."

"ಯಾವಾಗ ಬರತೈತಿ?"

"ಬಂದಾಗ ಬರತೈತ್ರಿ."

ಬಂದಾಗ ಬರುವುದನ್ನು ಕಾಯುವ ಜಾತಿ ನಾನಲ್ಲ. ಸಣ್ಣ ಗಾಳಿ ಪೈಪು ಒಂದು ಸುತ್ತು ಕಟ್ಟಿಸಿಕೊಂಡು ಬಂದೆ. ತುದಿಗೆ ಗಂಟು ಹಾಕಿ, ಉದ್ದಕ್ಕೂ ಸೂಜಿಯಿಂದ ತೂತು ಚುಚ್ಚಿ, ನೀರಿಗೆ ಬಿಟ್ಟು ಪಂಪು ಹಾಕಿದೆ. ಪಂಪಿನ ಹತ್ತಿರದ ತೂತುಗಳೇ ಎಲ್ಲ ಗಾಳಿಯನ್ನೂ ನುಂಗಿದವು, ಆಚೆ ತುದಿಗೆ ಒಂದು ಗುಳ್ಳೆಯೂ ಹೋಗಲಿಲ್ಲ. ಮೇಲಾಗಿ ಗಾಳಿ ತುಂಬಿದ ಪೈಪು ಹಾವಿನಂತೆ ನುಲಿಯುತ್ತ ಮೇಲೆದ್ದು ಬಂತು.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು, "ನಮ್ಮ ಮೇಡ್ಲೇರಿ ಹೊಳ್ಯಾಗ ಬೇಕಾದಷ್ಟ ಮೀನ ಅದಾವ. ಅವಕ್ಕ ಯಾರವಾ ಗಾಳಿ ಹಾಕತಾರ?" ಎಂದರು.

ಕೈಯಿಂದ ಚುಚ್ಚಿದ ತೂತು ಒಂದು ಸಣ್ಣದು, ಒಂದು ದೊಡ್ಡದು. ಅದಕ್ಕೇ ಹೀಗಾಯಿತೆಂದು ನನಗೆ ಹೊಳೆಯಿತು. ಒಂದೇ ಸಮ ಚುಚ್ಚಬೇಕಾದರೆ ಮನೆಯಲ್ಲೇ ಮಷೀನು ಇದೆಯಲ್ಲ! ಹೊಸ ಪೈಪನ್ನು ಹೊಲಿಗೆ ಮಷೀನಿನ ಸೂಜಿಯ ಕೆಳಗಿಟ್ಟು ಮೆಲ್ಲಗೆ ತುಳಿದೆ. ಟಕ್ ಎಂದು ಸೂಜಿ ಮುರಿಯಿತು. ಇನ್ನೊಂದು ಹಾಕಿದೆ, ಅದೂ ಮುರಿಯಿತು. ದಪ್ಪ ಬಟ್ಟೆಯ ಸೂಜಿ ಹಾಕಿ, ಉಸಿರು ಬಿಗಿ ಹಿಡಿದು, ಚಕ್ರವನ್ನು ಕೈಯಿಂದಲೇ ತಿರುಗಿಸುತ್ತ ಕುಳಿತೆ. ಈ ಸಲ ಸಾಲು ಸಾಲಾಗಿ ತೂತು ಬೀಳತೊಡಗಿದವು.

ಅಷ್ಟರಲ್ಲಿ ಬ್ಲೌಸ್ ಕೊಟ್ಟಿದ್ದ ಗಿರಾಕಿಯೊಬ್ಬಳು ಬಂದಳು. ತಂಗಿಯ ಮದುವೆಯ ಗಡಿಬಿಡಿ ಅವಳಿಗೆ. ಮಷೀನಿನ ಕೆಳಗೆ ನೋಡಿದಳು, ನನ್ನ ಮೋರೆ ನೋಡಿದಳು, ಪೈಪನ್ನು ಎರಡು ಬೆರಳಿನಿಂದ ಹಿಚುಕಿ ನೋಡಿದಳು. ಆಮೇಲೆ ಅಳುಮೋರೆ ಮಾಡಿಕೊಂಡು ಅಂದಳು:

"ತೋಳಿನ ಅಂಚಿಗೆ ಪೈಪಿಂಗ್ ಇಡ್ರಿ ಅಂದಿದ್ದು ಖರೇ ಅಕ್ಕಾರ. ಆದರ ಇಷ್ಟ ದಪ್ಪ ಬ್ಯಾಡ್ರಿ."

೩. ಹಳೇ ಚಾಳಿ

ಪೈಪು ಮೇಲೇಳದಂತೆ, ಅಡಿಗೆ ಕಟ್ಟೆಗೆ ಹಾಕಿ ಉಳಿದಿದ್ದ ಕಡಪಾ ಕಲ್ಲಿನ ಪಟ್ಟಿಗೆ ಅದನ್ನು ದಾರದಿಂದ ಬಿಗಿದು ತಳದಲ್ಲಿಟ್ಟೆ. ಗುಳ್ಳೆ ಅರ್ಧದವರೆಗೆ ಚೆನ್ನಾಗಿಯೇ ಬಂದವು. ಅರ್ಧ ಗೋಡೆ ಎದ್ದಿತಲ್ಲ ಎಂಬ ಖುಷಿಯಲ್ಲಿ ಪಂಪನ್ನು ಕೆಳಗೆ ನೆಲದ ಮೇಲೇ ಬಿಟ್ಟು ಹೊಲಿಗೆಗೆ ಕುಳಿತೆ.

ರವಿವಾರ ಮಧ್ಯಾಹ್ನ. ಯಜಮಾನರು ಪೆಟ್ಟಿಗೆಯ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದ್ದರು. ಕರೆಂಟು ಹೋಯಿತು. ಗಾಳಿ ನಿಂತದ್ದೇ ತಡ, ಪೆಟ್ಟಿಗೆಯ ನೀರು ಅದೇ ಪೈಪಿನೊಳಗೆ ಹಿಂದಕ್ಕೆ ಹರಿದು, ಪಂಪಿನೊಳಗಿಂದ ಹೊರಬಿದ್ದು, ಸದ್ದಿಲ್ಲದೆ ಚಾಪೆಯ ಕೆಳಗೆ ನುಗ್ಗಿತು. ಯಜಮಾನರು ದಡಬಡಿಸಿ ಎದ್ದಾಗ ಲುಂಗಿ ಪೂರ್ತಿ ಒದ್ದೆ.

ನಾನು ಓಡಿ ಬಂದು ಪೈಪು ಕಿತ್ತೆ. ನೀರು ನಿಂತಿತು. ಪಂಪನ್ನು ಪೆಟ್ಟಿಗೆಗಿಂತ ಎತ್ತರದಲ್ಲಿಡಬೇಕು ಎಂಬ ಬುದ್ಧಿ ಆಗ ಬಂತು. ಅಷ್ಟರಲ್ಲಿ ಅತ್ತೆ ಒಳಗಿಂದ ಬಂದರು. ಅವರಿಗೆ ಪೈಪೂ ಕಾಣಲಿಲ್ಲ, ಪಂಪೂ ಕಾಣಲಿಲ್ಲ. ಒದ್ದೆ ಚಾಪೆ ನೋಡಿದರು, ಮಗನ ಲುಂಗಿ ನೋಡಿದರು. ಮೆಲ್ಲಗೆ ನನ್ನ ಕಿವಿಯ ಹತ್ತಿರ ಬಂದು ಅಂದರು:

"ಸಣ್ಣಾವಿದ್ದಾಗ ಇತ್ತವಾ ಇವಗ ಈ ಚಾಳಿ. ಹೋಗೇತಿ ಅಂದಕೊಂಡಿದ್ದೆ. ಅದಕ್ಕ ಲಗ್ನದಾಗ ನಿನ್ನ ತವರಮನಿಯವರಿಗೆ ಹೇಳಿರಲಿಲ್ಲ."

೪. ಬಣ್ಣಕ್ಕೆ ಹೆಸರು

ಪಂಪು ಮೇಲಿನ ಹಲಗೆಗೆ ಏರಿತು. ಅಡಿಗೆಮನೆಯ ಕಿಟಕಿಗೆ ಹತ್ತಿದ ಹಲಗೆ ಅದು. ಆ ವಾರವೇ ಯಜಮಾನರು ವರ್ಷದ ಖಾರಪುಡಿಗೆಂದು ಬ್ಯಾಡಗಿಯಿಂದ ಮೆಣಸಿನಕಾಯಿ ತಂದರು. ಅತ್ತೆ ದೊಡ್ಡ ಬುಟ್ಟಿಯಲ್ಲಿ ಸುರುವಿಕೊಂಡು, ಚೂರು ಎಣ್ಣೆ ಹಚ್ಚಿ ಹುರಿಯತೊಡಗಿದರು. ಮನೆ ತುಂಬ ಘಾಟು. ಮೂವರೂ ಸೀನಿ ಸೀನಿ ಕಣ್ಣಲ್ಲಿ ನೀರು.

ಸೆರಗಿನಿಂದ ಕಣ್ಣೊರೆಸಿ ಪೆಟ್ಟಿಗೆಯ ಕಡೆ ನೋಡುತ್ತೇನೆ, ಮೀನುಗಳೆಲ್ಲ ಗುಳ್ಳೆ ಬಾರದ ಮೂಲೆಗೆ ಒತ್ತಿಕೊಂಡು ನಿಂತಿವೆ! ಆಗ ಹೊಳೆಯಿತು: ಪಂಪು ಎಲ್ಲಿ ಕುಳಿತಿರುತ್ತದೋ ಅಲ್ಲಿಯ ಗಾಳಿಯನ್ನೇ ಅಲ್ಲವೇ ಅದು ನೀರಿಗೆ ತುಂಬುವುದು? ಈ ಘಾಟನ್ನೆಲ್ಲ ಅದು ಸೋಸದೆ ಮೀನಿಗೆ ಬಡಿಸುತ್ತಿತ್ತು.

ಗುಂಡಿ ಒತ್ತಿ ಪಂಪು ನಿಲ್ಲಿಸಿದೆ. ಕೊಡದಲ್ಲಿ ನಿಲ್ಲಿಸಿಟ್ಟ ನೀರಿತ್ತು. ಪೆಟ್ಟಿಗೆಯ ನೀರನ್ನು ತಂಬಿಗೆ ತಂಬಿಗೆ ತೆಗೆಯುತ್ತ, ಆ ನೀರನ್ನು ಹಾಕುತ್ತ ಹೋದೆ. ಸೊಂಟ ಬಿದ್ದುಹೋಯಿತು, ಆದರೂ ಬಿಡಲಿಲ್ಲ. ಪಂಪನ್ನು ಅಂಗಳದ ಕಡೆಯ ಗೂಡಿಗೆ ಒಯ್ದಿಟ್ಟು, ಶುದ್ಧ ಗಾಳಿ ಬರುವಂತೆ ಮಾಡಿದೆ. ಮೀನುಗಳು ಮೆಲ್ಲಗೆ ಮೂಲೆ ಬಿಟ್ಟು ಬಂದಾಗ ನನಗೂ ಉಸಿರು ಬಂತು.

ಯಜಮಾನರಿಗೆ ಮಾತ್ರ ತಮ್ಮ ಪೇಟೆಯ ಮಾನ ಹೋದಂತಾಗಿತ್ತು. "ನಮ್ಮ ಬ್ಯಾಡಗಿ ಕಾಯಿಗೆ ಖಾರ ಕಡಿಮಿ. ಅದಕ್ಕ ಬಣ್ಣದ ಹೆಸರು. ಅದರಿಂದ ಮೀನಿಗೆ ಏನೂ ಆಗೂದಿಲ್ಲ" ಎಂದು ಸೀನುತ್ತಲೇ ವಾದ ಮಾಡಿದರು.

ಅತ್ತೆ ಪೆಟ್ಟಿಗೆಗೆ ಮೂಗು ತಾಗಿಸಿ ನೋಡಿ, ಮಗನ ಮಾತಿಗೆ ತಲೆದೂಗಿದರು:

"ಖರೇ ಐತಿ ನೋಡಪಾ. ನಿನ್ನಿಗಿಂತ ಇವತ್ತ ಛಲೋ ಕೆಂಪಗ ಆಗ್ಯಾವ."

೫. ಮೇಡ್ಲೇರಿಯಿಂದ ಬಂದವರು

ಇನ್ನು ಉಳಿದಿದ್ದು ಆಚೆ ಅರ್ಧದ ಗೋಡೆ. ಪೈಪಿನ ಒಂದೇ ತುದಿಯಿಂದ ಗಾಳಿ ಬಿಟ್ಟರೆ ಇನ್ನೊಂದು ತುದಿಗೆ ಮುಟ್ಟುವುದಿಲ್ಲ, ಅಲ್ಲವೇ? ಎರಡೂ ತುದಿಯಿಂದ ಬಿಟ್ಟರೆ? ಅಂಗಡಿಯಿಂದ ಕವಲಿನ ಜೋಡಣೆಯೊಂದನ್ನು ತಂದು, ಒಂದು ಪೈಪನ್ನು ಎರಡು ಮಾಡಿ, ಎರಡೂ ಕಡೆಯಿಂದ ಗಾಳಿ ಕೊಟ್ಟೆ. ಪಂಪನ್ನು ಸ್ವಲ್ಪ ದೊಡ್ಡದಕ್ಕೆ ಬದಲಾಯಿಸಿದೆ. ಓಣಿಯ ಗೌಂಡಿಯಿಂದ ಮಟ್ಟ ನೋಡುವ ಪಟ್ಟಿ ತಂದು, ಕಲ್ಲು ಒಂದು ಕಡೆಗೂ ತಗ್ಗದಂತೆ ಕೂರಿಸಿದೆ.

ಗುಂಡಿ ಒತ್ತಿದೆ. ಮೊದಲು ಏನೂ ಇಲ್ಲ. ಆಮೇಲೆ ಅಲ್ಲೊಂದು, ಇಲ್ಲೊಂದು. ನೋಡನೋಡುತ್ತಲೇ ಈ ತುದಿಯಿಂದ ಆ ತುದಿಯವರೆಗೆ ಗುಳ್ಳೆಯ ಗೋಡೆ ಎದ್ದು ನಿಂತಿತು! ಮೀನುಗಳು ಬಾಯಿ ಪಕಪಕ ಮಾಡುವುದನ್ನು ಬಿಟ್ಟು ಅದರೊಳಗೆ ಹೊಕ್ಕು ಹೊರಟವು. ಫೋಟೋ ತೆಗೆದು ಹಾವೇರಿಗೆ ಕಳಿಸಿದೆ. "ಛಲೋ ಐತಿ. ಹುಬ್ಬಳ್ಳ್ಯಾಗ ಯಾವ ಅಂಗಡಿಯವರು ಹಚ್ಚಿದರು?" ಎಂದು ನೆಗೆಣ್ಣಿ ಕೇಳಿದರು. ಅಷ್ಟು ಸಾಕಾಗಿತ್ತು ನನಗೆ.

ಆದರೆ ಎರಡು ದಿನ ಕಳೆದ ಮೇಲೆ ಬ್ಯಾಡಗಿಯಲ್ಲಿದ್ದ ಯಜಮಾನರಿಗೆ ಮೇಡ್ಲೇರಿಯಿಂದ ಅವರ ಸೋದರಮಾವನ ಫೋನು.

"ಊಟ ಆತೇನಪಾ?"

"ಆತು ಮಾಮಾ."

"ಏನ ಉಂಡಿ?"

"ರೊಟ್ಟಿ, ಪುಂಡಿಪಲ್ಯ."

"ಅಷ್ಟನ?"

"ಅಷ್ಟ."

"ಖರೇ ಹೇಳು. ಮನ್ಯಾಗ ಬ್ಯಾರೆ ಏನೂ ಮಾಡವಲ್ರು?"

ಯಜಮಾನರಿಗೆ ತಲೆಬುಡ ತಿಳಿಯಲಿಲ್ಲ. ಮರುದಿನ ಮುಂಜಾನೆ ಮನೆಯ ಮುಂದೆ ಟಂಟಂ ಬಂದು ನಿಂತಿತು. ಸೋದರಮಾವ ಇಳಿದರು, ಅವರ ಹಿಂದೆ ನಮ್ಮ ಅತ್ತೆಯ ಅಕ್ಕ. ಅವರನ್ನು ನಾವೆಲ್ಲ ದೊಡ್ಡವ್ವ ಅನ್ನುತ್ತೇವೆ. ಕಣ್ಣಿಗೆ ಪೊರೆ ಬಂದಿದೆ, ಆದರೆ ಹಾಗೆಂದು ಯಾರೂ ಅವರೆದುರು ಹೇಳುವಂತಿಲ್ಲ. ಇಬ್ಬರೂ ಹೊರಗಿನ ಕಟ್ಟೆಯ ಮೇಲೇ ಕುಳಿತರು. ನೀರು ಕೊಟ್ಟರೆ ತಂಬಿಗೆ ಮುಟ್ಟಲಿಲ್ಲ.

ಅತ್ತೆ ಗಾಬರಿಯಾದರು. "ಏನಾತಕ್ಕಾ? ಒಳಗ ಬರ್ರಿ."

"ಬರೂದಿಲ್ಲ. ಮೊನ್ನೆ ಸಂತಿಗೆ ಬಂದಾಕಿ ನಿನ್ನ ನೋಡೂಣು ಅಂತ ಬಂದಿದ್ದೆ. ಬಾಗಲಾಗ ನಿಂತ ನೋಡಿ ಹಂಗ ಹೊಳ್ಳಿ ಹೋದೆ" ಎಂದರು ದೊಡ್ಡವ್ವ. ನಮ್ಮ ಮನೆತನದಲ್ಲಿ ಮೀನು ಮಾಂಸ ಹೋಗಲಿ, ತತ್ತಿಯೂ ಒಳಗೆ ಬಂದದ್ದಿಲ್ಲ. ದೊಡ್ಡವ್ವ ದನಿ ನಡುಗಿಸಿ ಮುಂದುವರಿಸಿದರು: "ನಿನ್ನ ಸೊಸಿ ಗಾಜಿನ ಪಾತ್ರ್ಯಾಗ, ನಟ್ಟನಡು ಪಡಸಾಲ್ಯಾಗ, ಮೀನ ಕುದಿಸಾಕತ್ತಿದ್ಲು! ಕತಕತ ಕುದಿಯೂದು ಕಣ್ಣಾರೆ ನೋಡೇನಿ!"

ಅತ್ತೆ ತಲೆಯ ಮೇಲೆ ಕೈ ಹೊತ್ತು ಕುಳಿತರು. ಯಜಮಾನರು ಅಂಗಿ ಗುಂಡಿ ಹಾಕುವುದನ್ನೂ ಮರೆತು ನಿಂತರು. ಬೀಗರ ಮನೆಗಳಲ್ಲೆಲ್ಲ ಈ ಸುದ್ದಿ ಹಬ್ಬಿದರೆ ನಾಳೆ ನಮ್ಮ ಮನೆಯ ನೀರು ಕುಡಿಯುವವರಾರು? ನನಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಆದರೆ ಇಷ್ಟೆಲ್ಲ ಒದ್ದಾಡಿ ಕಟ್ಟಿದ ಗೋಡೆಯನ್ನು ಬಿಟ್ಟುಕೊಡುವ ಮಾತೇ ಇಲ್ಲ.

"ಮಾವಾರ, ಒಳಗ ಬರ್ರಿ. ನಿಮ್ಮ ಕೈಯಾರೆ ನೀರು ಮುಟ್ಟಿ ನೋಡ್ರಿ. ಒಂಚೂರ ಬಿಸಿ ಇದ್ದರೂ ಈಗಿಂದೀಗ ಎಲ್ಲಾ ಕಿತ್ತು ತಿಪ್ಪಿಗೆ ಒಗೀತೀನಿ" ಎಂದೆ.

ಸೋದರಮಾವ ಚಪ್ಪಲಿ ಬಿಟ್ಟು ಒಳಗೆ ಬಂದರು. ದೊಡ್ಡವ್ವ ಹೊಸ್ತಿಲವರೆಗೆ ಬಂದು ನಿಂತರು. ಮಾವ ಒಂದು ಬೆರಳನ್ನು ನೀರಿನಲ್ಲಿ ಅದ್ದಿದರು. ಆಮೇಲೆ ಪೂರ್ತಿ ಅಂಗೈ ಅದ್ದಿದರು. ಗುಳ್ಳೆಗಳು ಬೆರಳ ಸಂದಿಯಿಂದ ಹಾಯ್ದು ಹೋದವು. ಒಂದು ಮೀನು ಬಂದು ಉಗುರಿಗೆ ಮೂತಿ ತಾಗಿಸಿತು. ಮಾವನ ಮೀಸೆ ಮೊದಲು ಅಲುಗಾಡಿತು, ಆಮೇಲೆ ಹೊಟ್ಟೆ. ನಗುತ್ತ ನಗುತ್ತ ಅಲ್ಲೇ ನೆಲಕ್ಕೆ ಕುಳಿತು, "ಏ ಅಕ್ಕಾ, ಬಾ ಇಲ್ಲಿ. ನೀರ ಬಾವಿ ನೀರಿನಂಗ ತಣ್ಣಗ ಐತಿ! ಒಂದ ಕಪ್ಪ ಚಹಾ ಮಾಡವಾ ಸೊಸಿ" ಎಂದರು.

ದೊಡ್ಡವ್ವ ಹೊಸ್ತಿಲು ದಾಟಲಿಲ್ಲ. ಅಲ್ಲಿಂದಲೇ ತಮ್ಮನಿಗೆ ಗದರಿದರು:

"ನಿನಗ ಅಡಿಗಿ ಮನೀದು ಏನ ಗೊತ್ತೈತಿ? ಈಗರ ಇಟ್ಟಾಳ, ತಣ್ಣಗ ಇರದ ಏನ? ಮೀನ ಇನ್ನಾ ಅಡ್ಡಾಡಾಕತ್ತಾವ ಕಾಣವಲ್ದೇನ? ಬೇಯಾಕ ಹೊತ್ತ ಐತಿ ಬಾ!"