ನನ್ನ ತೊಡೆಯ ಗಡ್ಡೆ ಮತ್ತು ಅದರ ನಂಬರು

ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಕಾಯಿಲೆಯ ಭಯ ಇರುವುದಿಲ್ಲ ಎಂದು ಜನ ನಂಬಿದ್ದಾರೆ. ಡಾಕ್ಟರಿಗೆ ಇರಲಿಕ್ಕಿಲ್ಲ. ಗುಮಾಸ್ತನಿಗೆ ಇರುತ್ತದೆ, ನನಗಂತೂ ಇತ್ತು. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ ನಾನು ಶಿಡ್ಲಘಟ್ಟದ ಆಸ್ಪತ್ರೆಯೊಂದರಲ್ಲಿ ಗುಮಾಸ್ತನಾಗಿದ್ದೆ. ಡಾಕ್ಟರು ಬರೆದ ರೋಗದ ಹೆಸರನ್ನು ಅಚ್ಚಾದ ಪಟ್ಟಿಯೊಂದರಲ್ಲಿ ಹುಡುಕಿ, ಅದರ ನಂಬರನ್ನು ರಿಜಿಸ್ಟರಿಗೆ ಏರಿಸಿ, ತಿಂಗಳಿಗೊಮ್ಮೆ ಅದರ ನಕಲನ್ನು ಬೆಂಗಳೂರಿನ ಕಚೇರಿಗೆ ಕಳಿಸುವುದು ನನ್ನ ಕೆಲಸ. ಬೇರೆಯವರ ರೋಗಗಳಿಗೆ ನಂಬರು ಹಾಕುತ್ತ ಹಾಕುತ್ತ, ಅವೆಲ್ಲ ನನಗೂ ಒಂದೊಂದು ವಾರ ಬಂದು ಹೋದ ಹಾಗೆ ಅನಿಸುತ್ತಿತ್ತು. ಬಾಣಂತಿಯರ ಪುಟ ಬಂದಾಗ ಮಾತ್ರ ನೆಮ್ಮದಿ.

ಹೀಗಿರುವಾಗ ಒಂದು ದಿನ ಸ್ನಾನ ಮಾಡುತ್ತಿದ್ದಾಗ ಎಡತೊಡೆಯ ಹಿಂಭಾಗದಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಗಡ್ಡೆ ಕೈಗೆ ಸಿಕ್ಕಿತು. ನೋವಿರಲಿಲ್ಲ. ನಮ್ಮ ಪಟ್ಟಿಯಲ್ಲಿ ಗಡ್ಡೆಗಳಿಗೆ ಎರಡು ಸಾಲು: ಪ್ರಾಣ ತೆಗೆಯುವವು, ತೆಗೆಯದವು. ನಾನು ಯಾರನ್ನೂ ಕೇಳದೆ ಮೊದಲನೆಯ ಸಾಲಿಗೆ ಸೇರಿಕೊಂಡೆ. ಡಾಕ್ಟರು ಕೂರುತ್ತಿದ್ದದ್ದು ನನ್ನ ಮೇಜಿನಿಂದ ಹತ್ತು ಹೆಜ್ಜೆ ದೂರದಲ್ಲಿ. ಆ ಹತ್ತು ಹೆಜ್ಜೆ ನಡೆಯಲು ಧೈರ್ಯವಾಗಲಿಲ್ಲ. ಬದಲಿಗೆ ಹೆಂಡತಿ ಸಾವಿತ್ರಿಗೆ ರೇಷನ್ ಕಾರ್ಡು ಎಲ್ಲಿದೆ, ಗೋಡೆ ಗಡಿಯಾರಕ್ಕೆ ಕೀ ಕೊಡುವುದು ಹೇಗೆ ಎಂದು ಒಂದೊಂದಾಗಿ ಹೇಳಿಕೊಡತೊಡಗಿದೆ.

ನಾಲ್ಕನೆಯ ದಿನ ಅವಳು, "ಯಾಕ್ರೀ, ಟ್ರಾನ್ಸ್‌ಫರ್ ಆಯ್ತಾ? ಚಿಂತಾಮಣಿಗಾದ್ರೆ ನಾನೂ ಬರ್ತೀನಿ. ಅಮ್ಮನ ಮನೆ ಹತ್ರ ಆಗುತ್ತೆ," ಎಂದಳು. ಅವಳ ಮುಖದಲ್ಲಿದ್ದ ಸಂತೋಷ ನೋಡಿ ನನಗೆ ತಡೆಯಲಾಗಲಿಲ್ಲ. ಗಡ್ಡೆಯ ವಿಷಯ ಹೇಳಿಬಿಟ್ಟೆ. ಅವಳು ಸೆರಗು ಸರಿಮಾಡಿಕೊಂಡು, "ಏಳಿ, ನಾನೇ ಕರ್ಕೊಂಡು ಹೋಗ್ತೀನಿ," ಎಂದಳು. ದಿನಾ ಹೋಗುವ ಆಸ್ಪತ್ರೆಗೆ ಅಂದು ಹೆಂಡತಿಯ ಹಿಂದೆ ಹೋದೆ.

ಡಾಕ್ಟರು ಗಡ್ಡೆಯನ್ನು ಒತ್ತಿದರು. ಅದು ಬೆರಳಿನಡಿಯಿಂದ ಜಾರಿಕೊಂಡಿತು. "ನೋಡಮ್ಮ, ಮೆತ್ತಗಿದೆ, ಜಾರ್ತಾ ಇದೆ. ಬರೀ ಕೊಬ್ಬಿನ ಗಡ್ಡೆ. ಹಾಗೇ ಬಿಟ್ರೂ ಏನೂ ಮಾಡಲ್ಲ," ಎಂದು ಸಾವಿತ್ರಿಗೆ ಹೇಳಿದರು. ಅವಳು ಗೋಡೆಗೆ ಒರಗಿ ಕಣ್ಣು ಒರೆಸಿಕೊಂಡಳು. ಕುರ್ಚಿಯ ಮೇಲೆ ಕೂತರೆ ಒತ್ತುತ್ತದೆ ಎಂದು ನಾನು ಹೇಳಿದ್ದರಿಂದ, ಮಾರನೆಯ ದಿನ ಅಷ್ಟು ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಕೊಯ್ದು ತೆಗೆದು, ನಾಲ್ಕು ಹೊಲಿಗೆ ಹಾಕಿ ಸಂಜೆಗೆ ಮನೆಗೆ ಕಳಿಸಿದರು. ತಟ್ಟೆಯಲ್ಲಿಟ್ಟು ತೋರಿಸಿದಾಗ ಗಡ್ಡೆ ಹಳದಿ ಬೆಣ್ಣೆಯ ಮುದ್ದೆಯಂತಿತ್ತು. ಅಷ್ಟು ಹೆದರಿಸಿದ್ದಕ್ಕೆ ಇನ್ನೂ ಸ್ವಲ್ಪ ಭಯಂಕರವಾಗಿ ಇರಬಹುದಿತ್ತು ಅನಿಸಿತು.

ವಾರ ಕಳೆದು ಕೆಲಸಕ್ಕೆ ಹೋದವನೇ ನನ್ನ ಹೆಸರನ್ನೂ ರಿಜಿಸ್ಟರಿಗೆ ಏರಿಸಿ ನಂಬರು ಹಾಕಿದೆ. ಮುಂದಿನ ತಿಂಗಳು ಬೆಂಗಳೂರಿನಿಂದ ಕಾಗದ ಬಂತು: ಇಂಥ ಮಾರಕ ಗಡ್ಡೆಯ ರೋಗಿಯನ್ನು ಅದೇ ದಿನ ಮನೆಗೆ ಕಳಿಸಿದ್ದು ಹೇಗೆ? ಆತನ ಈಗಿನ ಸ್ಥಿತಿ ಏನು? ಪಟ್ಟಿ ತೆಗೆದು ನೋಡಿದೆ. ಅಭ್ಯಾಸಬಲದಿಂದ ಒಂದು ಸಾಲು ಮೇಲಿನ ನಂಬರು ಹಾಕಿಬಿಟ್ಟಿದ್ದೆ.

ಡಾಕ್ಟರು ಕಾಗದ ಓದಿ, ನನ್ನನ್ನೊಮ್ಮೆ ನೋಡಿ, "ಉತ್ತರ ನೀನೇ ಬರಿಯಪ್ಪ," ಎಂದರು.

"ಸದರಿ ರೋಗಿಯು ಕ್ಷೇಮವಾಗಿದ್ದಾನೆ. ತಪ್ಪು ನಂಬರು ಗುಮಾಸ್ತನಿಂದ ಆದದ್ದು. ಆತನಿಗೆ ಕಟ್ಟುನಿಟ್ಟಿನ ಎಚ್ಚರಿಕೆ ನೀಡಲಾಗಿದೆ" ಎಂದು ಬರೆದು ಸಹಿಗೆ ಇಟ್ಟೆ. ಡಾಕ್ಟರು ನಗುತ್ತ ಸಹಿ ಹಾಕಿದರು. ಎಚ್ಚರಿಕೆಯನ್ನು ಯಾರೂ ಕೊಡಲಿಲ್ಲ. ಸರ್ಕಾರಿ ಕಾಗದದಲ್ಲಿ ಸುಳ್ಳು ಬರೆದಂತಾಗಬಾರದೆಂದು, ಮಧ್ಯಾಹ್ನ ಬಾಗಿಲು ಮುಂದೆ ಮಾಡಿಕೊಂಡು ನನಗೆ ನಾನೇ ಕೊಟ್ಟುಕೊಂಡೆ.